ಗಾಳಿಪಟ ಹಾರಿಸುತ್ತಿದ್ದ ಕೈ

ನನಗೊಂದು ಸಣ್ಣ ಚಿಂತೆಯಿದೆ. ಡೈರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಳ್ಳುತ್ತೇನೆಂದರೆ, ಕೊನೆಗೆ ಬಾಯಿಬಿಟ್ಟು ಹೇಳಿದೆನೋ ಇಲ್ಲವೋ ಎಂಬುದೇ ನನಗೆ ತಿಳಿಯದೆ ಹೋಗುತ್ತದೆ. ಬಿ.ಎಸ್ಸಿ. ಎರಡನೇ ವರ್ಷ ಒಂದು ದಿನವೂ ತಪ್ಪಿಸದೆ ಕಾಲೇಜಿಗೆ ಹೋದರೂ ಹಾಜರಿ ಕಮ್ಮಿ ಬಿದ್ದಿತ್ತು. ಹೆಸರು ಕೂಗಿದಾಗಲೆಲ್ಲ 'ಪ್ರೆಸೆಂಟ್ ಸರ್' ಎಂದಿದ್ದೇನೆ ಎಂದೇ ನನ್ನ ನಂಬಿಕೆ. ಮೇಷ್ಟ್ರಿಗೆ ಕೇಳಿಸಿರಲಿಲ್ಲ, ಅಷ್ಟೇ. ಮೊನ್ನೆ ಸಿಟಿ ಬಸ್ಸಿನಲ್ಲಿ ಸ್ಟಾಪು ಕೇಳಿ ಎದ್ದು ನಿಂತೆ. ಬಸ್ಸು ನಿಲ್ಲಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿಯುವಾಗ ಕಂಡಕ್ಟರು, ಬಾಯಲ್ಲಿ ಕಡ್ಲೆಪುರಿ ಇಟ್ಕೊಂಡಿದ್ಯಾ ತಾಯಿ ಎಂದು ಕೇಳಿದ.

ಬಸ್ಸಿನ ಸ್ಟಾಪಾದರೆ ಹಿಂದಕ್ಕೆ ನಡೆದುಕೊಂಡು ಬರಬಹುದು. ಈ ಸಲ ನಾನು ಹೇಳದೆ ಉಳಿಸಿಕೊಂಡ ಮಾತು ಅಪ್ಪನ ಕೈಯದು.

ಅಪ್ಪನ ಹೆಸರು ಮುದ್ದಯ್ಯ. ಮೈಸೂರಿನ ಕೆ.ಜಿ. ಕೊಪ್ಪಲಿನಲ್ಲಿ ಮೂವತ್ತಾರು ವರ್ಷದಿಂದ ಕಟಿಂಗ್ ಶಾಪು. ಎರಡು ಕುರ್ಚಿ, ಒಂದು ಕನ್ನಡಿ, ಕನ್ನಡಿಯ ಮೂಲೆಯಲ್ಲಿ ನನ್ನ ಮತ್ತು ಅಕ್ಕ ತೇಜುವಿನ ಸ್ಕೂಲಿನ ಫೋಟೋ. ಊರಿನವರೆಲ್ಲ ಮೆಷೀನು, ಬ್ಲೇಡು ಎಂದು ಬದಲಾದರೂ ಅಪ್ಪ ತನ್ನ ಹಿಡಿಕತ್ತಿಯನ್ನು ಬಿಟ್ಟಿರಲಿಲ್ಲ. ಅದನ್ನು ಚರ್ಮದ ಪಟ್ಟಿಗೆ ಮೂರು ಸಲ ಮೇಲೆ, ಮೂರು ಸಲ ಕೆಳಗೆ ಉಜ್ಜಿ, ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ನೋಡುವುದು ಅವನ ಅಭ್ಯಾಸ. ಕೊಪ್ಪಲಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕರ್ಧ ಮಕ್ಕಳ ಮೊದಲ ಮುಡಿ ತೆಗೆದದ್ದು ಅವನೇ. ಎಳೆಮಗುವಿನ ನೆತ್ತಿ ಹಾಲಿನ ಕೆನೆ ಇದ್ದ ಹಾಗೆ, ಅದರ ಮೇಲೆ ಕತ್ತಿ ಓಡಬಾರದು, ತೇಲಬೇಕು ಎನ್ನುತ್ತಿದ್ದ.

ಹೋದ ವರ್ಷ ಒಂದು ಬೆಳಿಗ್ಗೆ, ಪೋಸ್ಟಾಫೀಸಿನ ಗುಮಾಸ್ತರೊಬ್ಬರಿಗೆ ಗಡ್ಡ ಮಾಡುತ್ತಿದ್ದಾಗ ಆ ಕತ್ತಿ ಅಪ್ಪನ ಕೈಯಿಂದ ಜಾರಿ ಅವರ ಮಡಿಲ ಬಟ್ಟೆಯ ಮೇಲೆ ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಅಪ್ಪ ತನ್ನ ಬಲಗೈಯನ್ನು, ಯಾರೋ ಮರೆತು ಬಿಟ್ಟುಹೋದ ಚೀಲವನ್ನು ನೋಡುವಂತೆ ನೋಡುತ್ತ ನಿಂತಿದ್ದನಂತೆ. ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ಮಾತು ಬಂತು, ಕಾಲು ಬಂತು, ಬಲಗೈ ಮಾತ್ರ ಬರಲಿಲ್ಲ. ಷಟರ್ ಎಳೆದದ್ದು ಹಾಗೇ ಉಳಿಯಿತು.

ಅದೇ ದಿನಗಳಲ್ಲಿ ಎರಡು ಕಂಪನಿಗಳು ಕೈ ಕುಲುಕಿದವು. ಒಂದು, ಪಗಡೆ. ಮನೆಮನೆಯಲ್ಲಿ ಟೀವಿಗೆ ಜೋಡಿಸಿ ಆಡುವ ವಿಡಿಯೋ ಆಟದ ಪೆಟ್ಟಿಗೆ ಮಾಡುವವರು. ಇನ್ನೊಂದು, ಮೇರುಕ. ಆಸ್ಪತ್ರೆಗಳಿಗೂ ಕಚೇರಿಗಳಿಗೂ ದೊಡ್ಡ ಕಂಪ್ಯೂಟರುಗಳನ್ನು ಕೊಡುವವರು. ಇಬ್ಬರೂ ಸೇರಿ ಕೈ ಸ್ವಾಧೀನ ತಪ್ಪಿದವರಿಗಾಗಿ ಒಂದು ಯಂತ್ರ ಮಾಡಿದರು. ಹೆಸರು ಕೈಜೋಡಿ. ಮನೆಯಲ್ಲೇ ಕುಳಿತು ಆಟವಾಡುತ್ತ ಕೈ ಪಳಗಿಸಿಕೊಳ್ಳಬಹುದು. ಆಟ ಪಗಡೆಯದು, ಲೆಕ್ಕವಿಡುವ ಬುದ್ಧಿ ಮೇರುಕದ್ದು. ಆಸ್ಪತ್ರೆಗಳಲ್ಲಿ ಕೈ ಹಿಡಿದು ಬೆರಳು ಮಡಿಸಿ ಬಿಡಿಸಿ ಕಲಿಸುತ್ತಿದ್ದವರ ಕೊಠಡಿಗಳು ಒಂದೊಂದಾಗಿ ಮುಚ್ಚಿದವು. ಆಟದಲ್ಲಿ ಮೂರು ವಾರ ಬಿಡದೆ ನೂರಕ್ಕೆ ಎಂಬತ್ತು ಅಂಕ ದಾಟಿದರೆ ಆಸ್ಪತ್ರೆಯ ಮೊಹರಿನ ಹಸಿರು ಚೀಟಿ ತಾನಾಗಿ ಫೋನಿಗೆ ಬರುತ್ತದೆ. ಆ ಚೀಟಿ ತೋರಿಸಿದರೆ ಟೈಲರು ಮತ್ತೆ ಮಿಷನ್ನಿನ ಮುಂದೆ ಕೂರಬಹುದು, ಡ್ರೈವರು ಸ್ಟೇರಿಂಗ್ ಹಿಡಿಯಬಹುದು. ಹನ್ನೊಂದು ಸಾವಿರ ಮನೆಗಳಿಗೆ ಕೈಜೋಡಿ ಹೋಗಿದೆ. ನಮ್ಮ ಮನೆಯದು ಅದರಲ್ಲೊಂದು.

ನಾನು ಕೆಲಸ ಮಾಡುವುದೂ ಅಲ್ಲೇ. ಮೈಸೂರಿನದೇ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಎರಡು ಕಂಪನಿಗಳೂ ಸೇರಿ ನಡೆಸುವ ಪರೀಕ್ಷೆಯ ಲ್ಯಾಬು. ದಿನವೆಲ್ಲ ಆಡುವುದು, ಆಟ ಎಲ್ಲಿ ಎಡವಿತೆಂದು ಬರೆಯುವುದು. ಮಾತು ಬೇಡದ ಕೆಲಸವೆಂದು ಒಪ್ಪಿಕೊಂಡಿದ್ದೆ.

ಕೈಜೋಡಿಯ ಆಟಗಳಲ್ಲಿ ಅಪ್ಪನಿಗೆ ಹಿಡಿಸಿದ್ದು ಗಾಳಿಪಟ. ಕೈಯಲ್ಲಿ ಹಿಡಿದು ಆಡುವ ಹಿಡಿಕೆಯ ಮೇಲೆ ನಾಲ್ಕು ಗುಂಡಿ. ದಾರ ಸಡಿಲ ಬಿಡಲು ಒಂದು, ಎಳೆಯಲು ಒಂದು, ಎಡಕ್ಕೆ ಬಲಕ್ಕೆ ಒಂದೊಂದು. ಗಾಳಿ ಜಗ್ಗಿದಾಗ ಹಿಡಿಕೆ ಅಂಗೈಯಲ್ಲಿ ಗುಂಯ್ ಎಂದು ನಡುಗುತ್ತದೆ. ನಿಜವಾದ ದಾರ ಬೆರಳಿಗೆ ಸುತ್ತಿದ ಹಾಗೇ ಆಗುತ್ತದೆ. ಮೊದಲ ವಾರ ಅಪ್ಪನ ಗಾಳಿಪಟ ಪರದೆಯ ಮೇಲಿನ ತೆಂಗಿನ ಮರಕ್ಕೆ ಸಿಕ್ಕಿಕೊಂಡೇ ಇರುತ್ತಿತ್ತು. ಅಪ್ಪನ ಹಣೆ ಬೆವರುತ್ತಿತ್ತು. ಎಡಗೈಯಿಂದ ಬಲಗೈಯ ಬೆರಳನ್ನು ಎತ್ತಿ ಗುಂಡಿಯ ಮೇಲಿಟ್ಟು, ಒತ್ತು, ಒತ್ತೋ ಮೂದೇವಿ ಎಂದು ತನ್ನ ಬೆರಳಿಗೇ ಬೈಯುತ್ತಿದ್ದ. ಒಂದು ತಿಂಗಳಲ್ಲಿ ಗಾಳಿಪಟ ಮರ ದಾಟಿತು. ಎರಡು ತಿಂಗಳಿಗೆ ಬೆವರು ನಿಂತಿತು. ಬೆಳಗಿನ ಕಾಫಿ ಮುಗಿಸಿ ಕೂತರೆ ಗಾಳಿಪಟ ಆಕಾಶದಲ್ಲಿ, ಅಪ್ಪನ ಮುಖದಲ್ಲಿ ಒಂದು ನಗು. ಅಕ್ಕಪಕ್ಕದವರು ನೋಡಲು ಬರುತ್ತಿದ್ದರು. ಎದುರು ಮನೆಯ ಹಾಲಿನ ಪುಟ್ಟಮ್ಮ, ಮುದ್ದಣ್ಣ ಈ ವಯಸ್ಸಲ್ಲಿ ಮಿಂಚ್ತಾ ಅವ್ನೆ ಎಂದರೆ, ಅಪ್ಪ ಕತ್ತು ತಿರುಗಿಸದೆಯೇ ಇನ್ನೂ ಒಂದು ಸುತ್ತು ಗಾಳಿಪಟವನ್ನು ಲಾಗ ಹಾಕಿಸುತ್ತಿದ್ದ.

ಹನ್ನೆರಡನೆಯ ವಾರ ಹಸಿರು ಚೀಟಿ ಬಂತು. ನೂರಕ್ಕೆ ಎಂಬತ್ತಾರು. ಅಮ್ಮ ಫೋನನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಕುಂಕುಮ ಗಾಜಿನ ಸಂದಿಗೆ ಹೋಗಿ ಸ್ಪೀಕರು ಕಟ್ಟಿಕೊಂಡಿತು.

ಅಂದೇ ಅಪ್ಪ ಒಂದು ಮಾತು ಹೇಳಿದ. ತೇಜುವಿನ ಮಗನಿಗೆ ಹನ್ನೊಂದು ತಿಂಗಳು. ಹೆಸರು ಬೇರೆ ಇದ್ದರೂ ಎಲ್ಲರೂ ಗುಂಡ ಎಂದೇ ಕರೆಯುವುದು. ನಂಜನಗೂಡಿನಲ್ಲಿ ಅವನ ಮುಡಿ ಕೊಡಿಸಬೇಕೆಂದು ಅಕ್ಕ ಬಾವ ಅಪ್ಪನ ಕೈಗಾಗಿಯೇ ಕಾದಿದ್ದರು. ಮುಂದಿನ ತಿಂಗಳ ಮೊದಲ ಸೋಮವಾರ ಹೋಗೋಣ, ಊರೋರ ಮಕ್ಕಳ ತಲೆ ಎಲ್ಲಾ ನಾನು ಮಾಡಿ ನನ್ನ ಮೊಮ್ಮಗನ ತಲೆ ಇನ್ನೊಬ್ಬನ ಕೈಗೆ ಕೊಡ್ಲಾ ಎಂದ. ನಮ್ಮಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಮೊದಲ ಕೂದಲು ತೆಗೆಯಬೇಕು. ಅಕ್ಕನಿಗೆ ಅಣ್ಣತಮ್ಮಂದಿರಿಲ್ಲ, ಇರುವವಳು ನಾನು. ಅಪ್ಪ ನನ್ನತ್ತ ನೋಡಿ, "ಇವಳೇ ಸೋದರಮಾವ ಬಿಡಿ. ಮೀಸೆ ಒಂದು ಕಮ್ಮಿ, ಮಿಕ್ಕಿದ್ದೆಲ್ಲಾ ಸರಿಯಾಗೇ ಅದೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಲ್ಯಾಬಿನಲ್ಲಿ ನಡೆದದ್ದನ್ನು ಡೈರಿಯಲ್ಲಿ ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ.

ಪರೀಕ್ಷೆಗೆಂದು ನಾವು ಮನೆಯವರ ಖಾತೆಗಳನ್ನು ಬಳಸಬಹುದಿತ್ತು. ಅಪ್ಪನ ಚೀಟಿಯ ಸಂಭ್ರಮದಲ್ಲಿ ನಾನು ಅವನ ಗಾಳಿಪಟವನ್ನೇ ತೆರೆದೆ. ಎರಡು ನಿಮಿಷ ಆಡಿರಬಹುದು, ಟೀ ಬಂತು. ಹಿಡಿಕೆಯನ್ನು ಮೇಜಿನ ಮೇಲಿಟ್ಟು ಲೋಟ ತೆಗೆದುಕೊಂಡೆ. ಆಟ ನಿಲ್ಲಿಸಲು ಮರೆತಿದ್ದೆ. ಟೀ ಕುಡಿದು ತಲೆಯೆತ್ತಿದರೆ ಗಾಳಿಪಟ ಹಾರುತ್ತಲೇ ಇತ್ತು. ಗಾಳಿ ಎಡಕ್ಕೆ ಬೀಸಿದಾಗ ಬಲಕ್ಕೆ ವಾಲಿತು. ದಾರ ಬಿಗಿಯಾದಾಗ ಸಡಿಲಿಸಿಕೊಂಡಿತು. ಮೇಜಿನ ಮೇಲೆ, ಬಿಸ್ಕತ್ತಿನ ತಟ್ಟೆಯ ಪಕ್ಕ, ಯಾರೂ ಮುಟ್ಟದ ಹಿಡಿಕೆ ಗುಂಯ್ ಗುಂಯ್ ಎಂದು ನಡುಗುತ್ತಿತ್ತು. ಆಟ ಮುಗಿದಾಗ ಅಂಕ ಬಂತು. ಎಂಬತ್ತನಾಲ್ಕು.

ಇದು ಹೇಗಾಯಿತೆಂದು ಸ್ವಲ್ಪ ವಿವರಿಸಬೇಕು. ಹಿಡಿಕೆಗೂ ಪೆಟ್ಟಿಗೆಗೂ ನಡುವೆ ತಂತಿಯಿಲ್ಲ. ಬೆರಳು ಒತ್ತಿದ್ದು ಪರದೆಗೆ ತಲುಪುವಷ್ಟರಲ್ಲಿ ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತಾದರೂ ತಡವಾಗುತ್ತದೆ. ಆ ತಡ ಆಟಗಾರನಿಗೆ ಗೊತ್ತಾಗಬಾರದೆಂದು ಪಗಡೆಯವರು ಹಿಂದೆಯೇ ಒಂದು ಉಪಾಯ ಮಾಡಿದ್ದರು. ಬೆರಳು ಮುಂದೆ ಏನು ಒತ್ತಬಹುದೆಂದು ಪೆಟ್ಟಿಗೆಯೇ ಊಹಿಸಿ ಒತ್ತಿದಂತೆ ತೋರಿಸಿಬಿಡುತ್ತದೆ. ತಪ್ಪಾದರೆ ಮರುಗಳಿಗೆಯಲ್ಲಿ ತಿದ್ದಿಕೊಳ್ಳುತ್ತದೆ. ಮೇರುಕದ ಯಂತ್ರ ಸೇರಿದ ಮೇಲೆ ಈ ಊಹೆಗೆ ಬಲ ಬಂತು. ಒಬ್ಬನ ಕೈಯ ರೀತಿಯನ್ನು ಅದು ದಿನದಿನವೂ ಕಲಿಯುತ್ತದೆ. ನಡುಗುವ ಕೈಗೆ ಆಸರೆಯಾಗಲಿ ಎಂದು ಊಹೆಯ ಅವಧಿಯನ್ನೂ ಉದ್ದ ಮಾಡಿದರು. ಕೈ ಸೋತಲ್ಲಿ ಯಂತ್ರ ತುಂಬುತ್ತದೆ. ಯಂತ್ರ ತುಂಬಿದಷ್ಟೂ ಕೈ ಸುಮ್ಮನಿರುತ್ತದೆ. ಕೈ ಸುಮ್ಮನಾದಷ್ಟೂ ಯಂತ್ರ ತನ್ನ ಊಹೆಯಿಂದಲೇ ಕಲಿಯುತ್ತ ಹೋಗುತ್ತದೆ. ಕೊನೆಗೆ ಅದು ತನ್ನಷ್ಟಕ್ಕೆ ತಾನೇ ಆಡುತ್ತದೆ. ಹಿಡಿಕೆ ಅಂಗೈಯಲ್ಲಿ ನಡುಗುವುದರಿಂದ, ಹಿಡಿದವನಿಗೆ ತಾನೇ ಒತ್ತಿದೆ ಎಂದು ಅನ್ನಿಸುತ್ತದೆ.

ಊಹಿಸಿ ಒತ್ತಿದ್ದಕ್ಕೆಲ್ಲ ಪೆಟ್ಟಿಗೆಯೊಳಗೆ ಒಂದು ಗುರುತು ಬೀಳುತ್ತದೆ. ಅದು ನನಗೆ ಗೊತ್ತಿತ್ತು. ಆ ರಾತ್ರಿ ಮನೆಯ ಪೆಟ್ಟಿಗೆ ಬಿಚ್ಚಿ ಅಪ್ಪನ ಹನ್ನೆರಡು ವಾರದ ದಾಖಲೆ ಇಳಿಸಿಕೊಂಡೆ. ಮೊದಲ ವಾರ ನೂರು ಒತ್ತುಗಳಲ್ಲಿ ಮೂವತ್ತೊಂದು ಅಪ್ಪನವು. ನಾಲ್ಕನೇ ವಾರ ಹತ್ತೊಂಬತ್ತು. ಹನ್ನೆರಡನೇ ವಾರ ಎರಡು. ತೆಂಗಿನ ಮರಕ್ಕೆ ಗಾಳಿಪಟ ಸಿಕ್ಕಿಸಿಕೊಂಡು ಬೆವರುತ್ತಿದ್ದ ದಿನಗಳಲ್ಲೇ ಅಪ್ಪನ ಕೈ ಹೆಚ್ಚು ವಾಸಿಯಾಗುತ್ತಿತ್ತು. ಚೀಟಿ ಬಂತೆಂದು ನಾವು ಸಿಹಿ ಹಂಚಿದ್ದು, ವಾಸಿಯಾಗುವುದು ನಿಂತುಹೋದ ಮೇಲೆ.

ಆದರೆ ಈ ಗುರುತು ಆಸ್ಪತ್ರೆಗೆ ಹೋಗುವ ಅಂಕಪಟ್ಟಿಯಲ್ಲಿರಲಿಲ್ಲ. ಯಾಕಿಲ್ಲ ಎಂದು ಹುಡುಕಿದಾಗ ಸಿಕ್ಕಿದ್ದು ಯಾರ ಕೆಟ್ಟತನವೂ ಅಲ್ಲ. ಪಗಡೆಯವರ ಹಳೆಯ ಪದ್ಧತಿಯಂತೆ ದಾಖಲೆ ಪೆಟ್ಟಿಗೆಯಿಂದ ಹೊರಬೀಳುವ ಮೊದಲು ಊಹೆಯ ಗುರುತುಗಳನ್ನು ಒರೆಸಿಬಿಡಬೇಕು. ಆಟಗಾರನಿಗೆ ಮುಜುಗರವಾಗಬಾರದು ನೋಡಿ. ಮೇರುಕದವರ ಪದ್ಧತಿಯಂತೆ, ಬಂದ ಪಟ್ಟಿಯಲ್ಲಿ ಇದ್ದದ್ದೆಲ್ಲ ನಿಜ. ಕೈಯದೆಷ್ಟು, ಊಹೆಯದೆಷ್ಟು ಎಂದು ಮೇರುಕದವರು ಲೆಕ್ಕ ಹಾಕಿಕೊಳ್ಳುತ್ತಾರೆಂದು ಪಗಡೆಯವರೂ, ಊಹೆಯನ್ನು ಪಗಡೆಯವರೇ ಕಳೆದು ಕಳಿಸುತ್ತಾರೆಂದು ಮೇರುಕದವರೂ ತಿಳಿದಿದ್ದರು. ಒಂದು ವರ್ಷದಿಂದ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದರೂ ಟೀಷರ್ಟಿನ ಪಗಡೆಯವರದು ಕಿಟಕಿ ಪಕ್ಕದ ಮೇಜು, ಇಸ್ತ್ರಿ ಷರ್ಟಿನ ಮೇರುಕದವರದು ಕೈತೊಳೆಯುವ ಕಡೆಯ ಮೇಜು. ನಡುವಿನ ಮೇಜಿನಲ್ಲಿ ಉಪ್ಪಿನಕಾಯಿ ಜಾಡಿ ಮಾತ್ರ ಇರುತ್ತಿತ್ತು.

ವರದಿ ಬರೆದೆ. ಬರೆಯುವುದು ನನಗೆ ಬರುತ್ತದೆ. ಎರಡು ದಿನಕ್ಕೆ ಪಗಡೆ ಕಡೆಯ ಮುಖ್ಯಸ್ಥ ಫಾಜಿಲ್ ಕರೆದರು. ಒಳ್ಳೆಯ ಮನುಷ್ಯ, ಯಾರ ಮೇಲೂ ರೇಗಿದವರಲ್ಲ. ಸೋತೆ ಅಂತ ಗೊತ್ತಾದ ಆಟಗಾರ ನಾಳೆ ಹಿಡಿಕೆ ಮುಟ್ಟಲ್ಲ ಕಣಮ್ಮ, ಅವನಿಗೆ ಗೊತ್ತಾಗದಂಗೆ ಕಾಪಾಡೋದೇ ನಮ್ಮ ಕಸುಬು, ಲೆಕ್ಕ ಮೇರುಕದವರದ್ದು ಎಂದರು. ಮೇರುಕದ ಅನಸೂಯ ಮೇಡಂ ವರದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ನಮಗೆ ಬಂದ ಪಟ್ಟಿಯಲ್ಲಿ ಇಲ್ಲದ ಗುರುತನ್ನ ನಾವು ಹೇಗಮ್ಮ ನೋಡೋದು, ಇದು ಪೆಟ್ಟಿಗೆ ಕಡೆಯವರ ವಿಷಯ ಎಂದರು. ವರದಿಯ ಕೆಳಗೆ ಎರಡು ಕಡೆಯಿಂದಲೂ ಒಂದೇ ಸಾಲು ಬಿತ್ತು. ನಮ್ಮ ಭಾಗಕ್ಕೆ ಸಂಬಂಧಿಸಿದ್ದಲ್ಲ, ಮುಚ್ಚಲಾಗಿದೆ.

ನಾನು ಇನ್ನೂ ಒಂದು ಮಾತು ಹೇಳಬೇಕಿತ್ತು. ಆ ಹನ್ನೆರಡು ವಾರದ ದಾಖಲೆ ನನ್ನ ಅಪ್ಪನದು, ಅವನು ಮುಂದಿನ ತಿಂಗಳು ಒಂದು ಮಗುವಿನ ತಲೆಯ ಮೇಲೆ ಕತ್ತಿ ಇಡುತ್ತಾನೆ ಎಂದು. ಮೆಟ್ಟಿಲಿಳಿಯುತ್ತ ಎಲ್ಲವನ್ನೂ ಚೆನ್ನಾಗಿ ಹೇಳಿಕೊಂಡೆ.

ಆ ವಾರದ ಕೊನೆಗೆ ಒಪ್ಪಂದಕ್ಕೆ ವರ್ಷ ತುಂಬಿದ ಸಮಾರಂಭ. ಎರಡೂ ಕಂಪನಿಗಳ ಚಿಹ್ನೆ ಬರೆದ ಕೇಕು, ನಡುವೆ ಎರಡು ಸಕ್ಕರೆ ಕೈಗಳು. ದೂರದ ಕಚೇರಿಯಿಂದ ಬಂದಿದ್ದ ದೊಡ್ಡವರೊಬ್ಬರು ಮಾತಾಡಿ, ಲ್ಯಾಬಿನ ಮಕ್ಕಳು ಏನಾದರೂ ಹೇಳಲಿ ಎಂದು ಮೈಕನ್ನು ಸಾಲಿನುದ್ದಕ್ಕೆ ಕಳಿಸಿದರು. ಅದು ನನ್ನ ಕೈಗೆ ಬರುವ ಹೊತ್ತಿಗೆ ವಾಕ್ಯ ಸಿದ್ಧವಾಗಿತ್ತು. ಹನ್ನೊಂದು ಸಾವಿರ ಮನೆ, ಅಳಿಸಿದ ಗುರುತು, ಎಲ್ಲವೂ ಒಂದೇ ಉಸಿರಿನಲ್ಲಿ. ನೂರಾರು ಮುಖಗಳು ನನ್ನ ಕಡೆ ತಿರುಗಿದವು. ನನ್ನ ದನಿ ಸ್ಪೀಕರಿನಲ್ಲಿ ಹೀಗೆ ಕೇಳಿಸಿತು. "ಕೇಕು ಚೆನ್ನಾಗಿದೆ."

ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು. ಅಪ್ಪ ಷಟರಿಗೆ ಎಣ್ಣೆ ಬಿಟ್ಟಿದ್ದ. ಕನ್ನಡಿ ಒರೆಸಿದ್ದ. ಆ ಕೆಲಸವನ್ನೆಲ್ಲ ಎಡಗೈಯಲ್ಲೇ ಮಾಡಿದ್ದನ್ನು ನಾನು ನೋಡಿದೆ. ಕಾಫಿ ಲೋಟವನ್ನೂ ಅವನು ಎಡಗೈಯಲ್ಲೇ ಹಿಡಿಯುತ್ತಿದ್ದ. ಕೇಳಿದರೆ, ರೂಢಿಯಾಗೋಯ್ತು ಕಣಮ್ಮಿ ಎನ್ನುತ್ತಿದ್ದ. ಅಮ್ಮ ಅದನ್ನು ನೋಡಿಯೂ ಚೀಟಿಯನ್ನು ನಂಬಿದ್ದಳು. ಸರ್ಕಾರಿ ಆಸ್ಪತ್ರೆಯ ಮೊಹರಿಗಿಂತ ಲೋಟ ಹೆಚ್ಚೇ?

ನೇರವಾಗಿ ಹೇಳಲಾರದೆ ನಾನು ಒಂದು ಬಲೂನು ತಂದೆ. ಅಪ್ಪನ ಅಂಗಡಿಯಲ್ಲಿ ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ಪಾಠ ಅದೇ ಆಗಿತ್ತು. ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ, ಕತ್ತಿಯಿಂದ ನೊರೆಯನ್ನಷ್ಟೇ ತೆಗೆಯಬೇಕು. ಬಲೂನು ಒಡೆದರೆ ಮನುಷ್ಯರ ಮುಖ ಮುಟ್ಟುವಂತಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕ ಗುಂಡನನ್ನು ಕರೆದುಕೊಂಡು ಬಂದಿದ್ದಳು. ನಾನು ನೊರೆ ಹಚ್ಚಿದ ಬಲೂನನ್ನು ಅಪ್ಪನ ಮುಂದೆ ಹಿಡಿದೆ. ಅಪ್ಪ ನನ್ನನ್ನೇ ಒಂದು ಗಳಿಗೆ ನೋಡಿದ.

"ಏನಮ್ಮಿ, ನಂಗೇ ಪರೀಕ್ಷೆನಾ?" ಎಂದ. ಆಮೇಲೆ ನಗುತ್ತ ಕತ್ತಿ ಬಿಚ್ಚಿದ.

ಬಲಗೈಯ ಮೂರು ಬೆರಳು ಹಿಡಿಯ ಮೇಲೆ ಸರಿಯಾಗಿಯೇ ಕೂತವು. ಅವನ್ನು ಎಡಗೈಯಿಂದ ಕೂರಿಸಿಕೊಂಡದ್ದನ್ನು ಅಕ್ಕ ಗಮನಿಸಲಿಲ್ಲ. ಕತ್ತಿ ನೊರೆಗೆ ತಾಗುವ ಮೊದಲೇ ಬಲೂನು ಢಮ್ಮೆಂದಿತು. ನೊರೆ ಅಪ್ಪನ ಮೀಸೆಗೆ, ಅಕ್ಕನ ಸೀರೆಗೆ, ಗೋಡೆಯ ಕ್ಯಾಲೆಂಡರಿಗೆ ಹಾರಿತು. ಗುಂಡ ಬೆಚ್ಚಿ ಅತ್ತ. ಅಕ್ಕ ಅವನನ್ನು ಎತ್ತಿಕೊಂಡು ನಗುತ್ತಿದ್ದಳು. ಅಪ್ಪ ಚೂರಾದ ರಬ್ಬರನ್ನು ಎತ್ತಿ ಮೂಸಿ ನೋಡಿ, ಹಳೇ ಮಾಲು, ಬಿಸಿಲಿಗೆ ಒಣಗೋಗಿದೆ, ಊದಿದ್ರೇ ಒಡೆಯೋದು ಎಂದ. ಇನ್ನೊಂದು ತರಲೇ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅಪ್ಪ ಹಿಡಿಕೆ ಕೈಗೆತ್ತಿಕೊಂಡು ಗಾಳಿಪಟ ಹಾರಿಸಲು ಕೂತಿದ್ದ. ಪರದೆಯ ಆಕಾಶದಲ್ಲಿ ಅದು ನಡುಕವೇ ಇಲ್ಲದೆ ಏರಿತು. ಅಪ್ಪನ ಬೆರಳುಗಳನ್ನು ನೋಡಿದೆ. ಗುಂಡಿಗಳ ಮೇಲೆ ಒಣಶುಂಠಿಯ ಹಾಗೆ ಬಿದ್ದಿದ್ದವು. ಅಪ್ಪ ಬೆರಳನ್ನು ನೋಡುತ್ತಿರಲಿಲ್ಲ, ಗಾಳಿಪಟವನ್ನು ನೋಡುತ್ತಿದ್ದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ಯಾಕೇ ಸಪ್ಪಗಿದ್ದೀಯ ಎಂದಳು. ಏನಿಲ್ಲ ಎಂದೆ. ಅದು ಮಾತ್ರ ಬಾಯಿಂದ ಸಲೀಸಾಗಿ ಬಂತು.

ಆ ರಾತ್ರಿ ಡೈರಿಗೆ ಬರೆದೆ. ಈ ನಗು ಹೋದರೆ ಅಪ್ಪನ ಬಳಿ ಇನ್ನೇನು ಉಳಿಯುತ್ತದೆ? ಬರೆದದ್ದನ್ನು ಓದಿದಾಗ ನನಗೇ ಹೆದರಿಕೆಯಾಯಿತು. ಇದು ಫಾಜಿಲ್ ಹೇಳಿದ ಮಾತೇ.

ಗೊತ್ತುಮಾಡಿದ್ದ ಸೋಮವಾರ ಮುಂಜಾನೆಯ ರೈಲಿನಲ್ಲಿ ನಂಜನಗೂಡಿಗೆ ಹೋದೆವು. ಕಪಿಲೆಯಲ್ಲಿ ನೀರು ಕಮ್ಮಿಯಿತ್ತು, ಮೆಟ್ಟಿಲುಗಳ ಪಾಚಿ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಮುಡಿ ತೆಗೆಯುವ ಜಾಗದಲ್ಲಿ ಆಗಲೇ ಸಾಲು. ಒದ್ದೆ ಕೂದಲು, ಅರಿಶಿನ, ಅಳುವ ಮಕ್ಕಳು. ಅಲ್ಲಿ ಕೆಲಸ ಮಾಡುವ ಮರಿಸ್ವಾಮಿ ಅಪ್ಪನ ಹಳೆಯ ಗೆಳೆಯ, ಇಬ್ಬರೂ ಒಂದೇ ಗುರುವಿನ ಹತ್ತಿರ ಕತ್ತಿ ಹಿಡಿದವರು. ಅಪ್ಪನನ್ನು ಕಂಡದ್ದೇ ಕೆಲಸ ಬಿಟ್ಟು ಎದ್ದು ಬಂದು ತಬ್ಬಿಕೊಂಡ.

"ಏನಣ್ಣ, ಮೈಸೂರಲ್ಲಿ ತಲೆ ಖಾಲಿಯಾಗೋದ್ವಾ? ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಇಲ್ಲಿಗಂಟ ಬಂದಿದ್ದೀಯ?"

ಒಂದೇ ತಲೆ ಕಣ್ಲಾ, ನನ್ನ ಮೊಮ್ಮಗಂದು ಎಂದ ಅಪ್ಪ. ಮರಿಸ್ವಾಮಿ ಅಪ್ಪನ ಬಲಗೈಯನ್ನು ನೋಡಿದ. ಅಪ್ಪ ಎಡಗೈಯಿಂದ ಫೋನು ತೆಗೆದು ಹಸಿರು ಚೀಟಿ ತೋರಿಸಿದ. ಮರಿಸ್ವಾಮಿ ಅದನ್ನು ಬಿಸಿಲಿಗೆ ಅಡ್ಡ ಹಿಡಿದು ಓದಿ, ನೂರಕ್ಕೆ ಎಂಬತ್ತಾರಾ, ನನ್ನ ಕೈಗೇ ಅಷ್ಟು ಬರಕ್ಕಿಲ್ಲ ಎಂದು ತನ್ನ ಜಾಗ ಬಿಟ್ಟುಕೊಟ್ಟ. ಕತ್ತಿಗೆ ಬಿಸಿನೀರು ಅವನೇ ತಂದ.

ನಾನು ಮಣೆಯ ಮೇಲೆ ಕೂತೆ. ಅಕ್ಕ ಗುಂಡನನ್ನು ನನ್ನ ತೊಡೆಯ ಮೇಲೆ ಇಟ್ಟಳು. ಸೋದರಮಾವನ ಕೆಲಸವೆಂದು ಕತ್ತರಿಯಿಂದ ಮೊದಲ ಎಳೆಯನ್ನು ನಾನೇ ಕತ್ತರಿಸಿ ಎಲೆಯ ಮೇಲಿಟ್ಟೆ. ಅಮ್ಮ ಗುಂಡನ ತಲೆಗೆ ನೀರು ತಟ್ಟಿದಳು. ನೀರು ಇಳಿದು ನನ್ನ ಮೊಣಕೈಗೆ ಬಂತು. ಕೂದಲು ಅಂಟಿಕೊಂಡಾಗ ನೆತ್ತಿ ಕಾಣಿಸಿತು. ಅದು ಉಸಿರಾಡುತ್ತಿತ್ತು. ಮೇಲೆ, ಕೆಳಗೆ, ಮೇಲೆ. ಗುಂಡ ನನ್ನ ಬಳೆಯನ್ನು ಬಾಯಿಗೆ ಹಾಕಿಕೊಂಡು ಜೊಲ್ಲು ಸುರಿಸುತ್ತಿದ್ದ. ಅಳಲಿಲ್ಲ.

ಅಪ್ಪ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಚರ್ಮದ ಪಟ್ಟಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕತ್ತಿಯನ್ನು ಮೂರು ಸಲ ಮೇಲೆ, ಮೂರು ಸಲ ಕೆಳಗೆ ಉಜ್ಜಿದ. ಎಡಗೈಯಿಂದ. ಉಗುರಿನ ಮೇಲೆ ಇಟ್ಟು ನೋಡಿದ. ಆಮೇಲೆ ಅದನ್ನು ಬಲಗೈಗೆ ದಾಟಿಸಿ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಮೇಲೆ ಮಡಚಿದ. ಅವನ ಮುಖದಲ್ಲಿ ಗಾಳಿಪಟದ ಮುಂದೆ ಇರುತ್ತಿದ್ದ ಅದೇ ನಗುವಿತ್ತು. ಆದರೆ ಹಿಡಿ ಅಂಗೈಯಲ್ಲಿ ನಡುಗಲಿಲ್ಲ. ಇದು ಬರೀ ಕತ್ತಿ, ಇದರೊಳಗೆ ಯಾರೂ ಇರಲಿಲ್ಲ. ಅಪ್ಪನ ಹುಬ್ಬು ಒಂದಿಷ್ಟು ಗಂಟಾಯಿತು, ಯಾರಿಗೋ ಕಾಯುವವನ ಹಾಗೆ.

ಅಪ್ಪ, ಬೇಡ ಎಂದೆ ನಾನು.

ಯಾರೂ ತಿರುಗಲಿಲ್ಲ. ಮರಿಸ್ವಾಮಿ ನೀರಿನ ಚೊಂಬು ಹಿಡಿದೇ ನಿಂತಿದ್ದ. ಅಕ್ಕ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದಳು. ಅಮ್ಮನ ಕೈಗಳು ಮುಗಿದೇ ಇದ್ದವು. ಕತ್ತಿ ಹತ್ತಿರ ಬರುತ್ತಿತ್ತು. ಅಪ್ಪನ ಭುಜ ಅದನ್ನು ತಳ್ಳುತ್ತಿತ್ತೇ ಹೊರತು ಬೆರಳಲ್ಲ. ಅಂಚು ಬಿಸಿಲಿಗೆ ಹೊಳೆದು, ಗುಂಡನ ಕಿವಿಯ ಮೇಲೆ ಬೆಳಕಿನ ಒಂದು ಗೆರೆ ಬಿದ್ದು ಅಲ್ಲಾಡಿತು. ನಾನು ಹೇಳಿಲ್ಲ ಎಂದು ಆಗ ಗೊತ್ತಾಯಿತು. ಹಾಜರಿಯ ಹಾಗೆ, ಬಸ್ಸಿನ ಸ್ಟಾಪಿನ ಹಾಗೆ, ಇದನ್ನೂ ನಾನು ಹೇಳಿರಲಿಲ್ಲ.

ಎಡ ಅಂಗೈಯನ್ನು ಗುಂಡನ ನೆತ್ತಿಯ ಮೇಲೆ ಇಟ್ಟೆ. ಕತ್ತಿಯ ಅಂಚು ನನ್ನ ಬೆರಳಿನ ಗೆಣ್ಣಿಗೆ ತಾಗಿ ನಿಂತಿತು. ಉರಿಯಿತು. ಒಂದು ಹನಿ ಕೆಂಪು ಒದ್ದೆ ಕೂದಲಿಗೆ ಇಳಿಯಿತು. ಅಪ್ಪ ಬೆಚ್ಚಿ ಕೈ ಎಳೆದುಕೊಳ್ಳಲು ನೋಡಿದ. ಕೈ ಬರಲಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದು ಎತ್ತಬೇಕಾಯಿತು. ನಗು ಇನ್ನೂ ಅವನ ಮುಖದಲ್ಲೇ ಇತ್ತು, ಹೋಗುವುದನ್ನು ಮರೆತಂತೆ. ಅಡ್ಡ ಯಾಕೆ ಕೈ ಹಾಕ್ದೆ ಎಂದು ಕೇಳುವವನಂತೆ ನನ್ನ ಮುಖ ನೋಡಿದ. ಆಮೇಲೆ ತನ್ನ ಕೈ ನೋಡಿದ. ಮತ್ತೆ ನನ್ನನ್ನು.

ನನ್ನ ದನಿ ಎಷ್ಟು ದೊಡ್ಡದಾಗಿ ಬಂತೆಂದರೆ ಪಕ್ಕದ ಸಾಲಿನ ಮಗುವೊಂದು ಅಳು ನಿಲ್ಲಿಸಿತು.

"ಅಪ್ಪ, ಗಾಳಿಪಟ ಹಾರಿಸ್ತಿದ್ದದ್ದು ನೀನಲ್ಲ. ನಂಗೆ ಗೊತ್ತಿತ್ತು."